ಚಿಕ್ಕರಂಗಯ್ಯನವರು ಮಾಡಿಕೊಟ್ಟ ಸೌತೆಕಾಯಿ ಕೋಸಂಬರಿ

ಮಧುಗಿರಿ, ೧೯೪೬

ಪ್ರೀತಿಯ ತಮ್ಮ ಅಡವಯ್ಯನಿಗೆ ಅಕ್ಕ ಕಮಲಾಕ್ಷಿ ಬರೆಯುವುದು.

ಇದನ್ನು ಯಾವ ವಿಳಾಸಕ್ಕೂ ಹಾಕುವಂತಿಲ್ಲ. ಆದರೂ ಇವತ್ತು ನಡೆದದ್ದನ್ನು ನಿನಗಲ್ಲದೆ ಇನ್ಯಾರಿಗೆ ಹೇಳಲಿ?

ಮಲಯದ ಯುದ್ಧದಲ್ಲಿ ನಿನ್ನ ಜೊತೆಗಿದ್ದ ಸಿರಾದ ಚಿಕ್ಕರಂಗಯ್ಯನವರು ಬಂದಿದ್ದರು. ಜಪಾನಿನವರ ಸೆರೆಯಲ್ಲಿ ಜ್ವರ ಬಂದು ನೀನು ಹೋದದ್ದನ್ನು, ತಾವೇ ಮಣ್ಣು ಮಾಡಿದ್ದನ್ನು ಬಾಗಿಲಲ್ಲೇ ನನಗೆ ಹೇಳಿದರು. ನಿನ್ನ ಹುಬ್ಬಿನ ಮೇಲಿನ ಗಾಯದ ಗುರುತನ್ನೂ ಹೇಳಿದರು. ಆಮೇಲೆ ಒಳಗೆ ಬಂದು ಅಮ್ಮನಿಗೆ ತಿಳಿಸಿದರು. ಅಮ್ಮ ಅಳಲಿಲ್ಲ. ಊಟಕ್ಕೂ ಏಳಲಿಲ್ಲ.

ಆಗ ಅವರು ನನ್ನನ್ನು ಕೇಳಿ ಎಳೆ ಸೌತೆಕಾಯಿ ತರಿಸಿಕೊಂಡು, ಗುಂಡುಕಲ್ಲಿನಿಂದ ಜಜ್ಜಿ, ಉಪ್ಪು ಹಾಕಿ ನೀರು ಹಿಂಡಿದರು. ನಿಂಬೆರಸ, ಬೆಲ್ಲ, ಹಸಿಮೆಣಸಿನಕಾಯಿ, ಹುರಿದ ಎಳ್ಳು ಬೆರೆಸಿ ಅಮ್ಮನ ಮುಂದಿಟ್ಟರು.

"ಅಲ್ಲಿ ಚೀನಾದೋರ ಅಂಗ್ಡೀಲಿ ಇಂಗೆ ಮಾಡ್ತಾರೆ ಕಣಮ್ಮ. ಸೆರೆ ಸಿಕ್ಕೋಕೆ ಮುಂಚೆ ನಿಮ್ಮ ಅಡವಯ್ಯ ದಿನಾ ಇದನ್ನೇ ತಿನ್ನೋನು. ಒಂದು ತುತ್ತು ತಿನ್ನಿ."

ಅಮ್ಮನ ಮುಖ ಒಮ್ಮೆಲೇ ಅರಳಿತು. "ನನ್ ಮಗ ಸೌತೆಕಾಯಿ ಕಂಡ್ರೆ ಊಟ ಬುಟ್ಟು ಏಳೋನು ಕಣಪ್ಪ. ನೀನು ಮಣ್ಣು ಮಾಡಿದ್ದು ಬ್ಯಾರೆ ಯಾರ್ನೋ!"

ಚಿಕ್ಕರಂಗಯ್ಯನವರು ನನ್ನ ಮುಖ ನೋಡಿದರು. ನಾನು ತಲೆ ತಗ್ಗಿಸಿ, "ಇರಬೋದಮ್ಮ" ಎಂದೆ. ಅವರು ಕಣ್ಣೊರೆಸಿಕೊಂಡು ಹೊರಟುಹೋದರು.

ಅಮ್ಮ ನೆಮ್ಮದಿಯಿಂದ ತಟ್ಟೆಯಲ್ಲಿದ್ದದ್ದನ್ನೆಲ್ಲ ತಿಂದು, "ಅವ್ನು ಬಂದಾಗ ಮಾತ್ರ ಇದನ್ನ ಮಾಡ್ಬ್ಯಾಡ ಕಣೇ, ಅವ್ನಿಗೆ ಸೇರಾಕಿಲ್ಲ" ಎಂದಳು.

ಆಗಲಿ ಎಂದೆ.