ಮಡುವಿಗೆ ಹಗ್ಗ ಕಟ್ಟಿಸಿದವರಿಗೆ

ಮಾನ್ಯ ದಂಡಾಧಿಕಾರಿಗಳೇ,

ಹೋದ ವರ್ಷ ನೀವು ನಮ್ಮ ಹೊಳೆಯ ಮಡುವಿಗೆ ನಟ್ಟನಡುವೆ ಕಟ್ಟಿಸಿದ ಹಗ್ಗದ ಪಕ್ಕದಲ್ಲಿ ನನ್ನ ಅಳಿಯ ಸತ್ತ. ಅವನನ್ನು ಕಡಿದವನು ನನ್ನ ಮಗ. ಈ ವರ್ಷವೂ ಅದೇ ಜಾಗದಲ್ಲಿ ಹಗ್ಗ ಕಟ್ಟಬೇಕೆಂದು ನಿಮ್ಮ ಹುಕುಂ ಆಗಿದೆಯೆಂದು ಮೊನ್ನೆ ಚಾವಡಿಯ ಮುಂದೆ ಡಂಗುರ ಹೊಡೆಸಿದರು. ನಿಮ್ಮ ಕಚೇರಿಗೆ ಕೊಟ್ಟ ನನ್ನ ಅರ್ಜಿಗಳು ಪರಿಶೀಲನೆಯಲ್ಲಿವೆಯಂತೆ. ಆ ಪರಿಶೀಲನೆ ಮುಗಿಯುವುದರೊಳಗೆ ಮೃಗಶಿರೆ ಮಳೆ ಬರುತ್ತದೆ, ಅದಕ್ಕೂ ಮೊದಲು ಎರಡು ದಡದ ಕತ್ತಿಗಳು ಹೊರಬರುತ್ತವೆ. ಅದಕ್ಕೇ ಈ ಪತ್ರವನ್ನು ಊರೆಲ್ಲ ಓದುವ ಹಾಗೆ ಪತ್ರಿಕೆಗೆ ಕಳಿಸುತ್ತಿದ್ದೇನೆ.

ತಾವು ಹೊಳೆ ನೋಡಲು ಬಂದವರು, ನಾವು ಹೊಳೆಯ ಜೊತೆ ಬಾಳುವವರು. ಹೋದ ವರ್ಷ ಮೀನುಬೇಟೆಯ ದಿನ ನಿಮ್ಮ ಜೀಪಿನಿಂದ ಜಮಖಾನ ಇಳಿಯಿತು, ಕುರ್ಚಿ ಇಳಿಯಿತು, ಬಾತುಕೋಳಿ ಹೊಡೆಯುವ ಕೋವಿ ಇಳಿಯಿತು, ಪೇಟೆಯಿಂದ ಬಂದ ನಿಮ್ಮ ನೆಂಟರು ಇಳಿದರು. ಮತ್ತಿಮರದ ನೆರಳಲ್ಲಿ ಕೂತು ಅವರಲ್ಲೊಬ್ಬರು, "ಎಷ್ಟು ಶಾಂತವಾದ ಜಾಗ" ಎಂದದ್ದನ್ನು ನಾನೇ ಕೇಳಿದೆ. ಬಂದು ಹೋಗುವವರಿಗೆ ಹೊಳೆ ಶಾಂತವಾಗಿಯೇ ಕಾಣುತ್ತದೆ. ಆದರೆ ಈ ಹೊಳೆ ಪ್ರತಿ ಮಳೆಗಾಲ ನಮ್ಮ ಗದ್ದೆಯ ಮಣ್ಣು ಕಿತ್ತು ಆಚೆದಡದವರ ಗದ್ದೆಗೆ ಹಾಕುತ್ತದೆ, ಇನ್ನೊಂದು ವರ್ಷ ಅವರದನ್ನು ಕಿತ್ತು ನಮಗೆ ಕೊಡುತ್ತದೆ. ಕೊಟ್ಟಾಗ ದೇವರು ಕೊಟ್ಟ ಎನ್ನುತ್ತೇವೆ, ಕಿತ್ತಾಗ ಎದುರುದಡದವನು ಕದ್ದ ಎನ್ನುತ್ತೇವೆ. ದನ ದಾಟಿದರೆ ಜಗಳ, ನೀರು ಕಟ್ಟಿದರೆ ಜಗಳ. ನನ್ನ ತಾತನ ಕಾಲದಲ್ಲಿ ಮಡುವಿನ ಮೀನಿಗಾಗಿ ಎರಡೂ ದಡದವರು ಒಬ್ಬರ ತಲೆ ಒಬ್ಬರು ಒಡೆದುಕೊಂಡಿದ್ದರು. ಶಾಂತಿ ಇಲ್ಲಿ ತಾನಾಗಿ ಹುಟ್ಟಿದ್ದಲ್ಲ ಸ್ವಾಮಿ, ಹೆಣ ಎತ್ತಿ ಎತ್ತಿ ಸಾಕಾದ ಮುದುಕರು ಕೂತು ಕಟ್ಟಿದ್ದು.

ಅವರು ಕಟ್ಟಿದ ಕಟ್ಟಳೆ ಇದು. ಬೇಸಿಗೆಯ ಕೊನೆಗೆ ಹೊಳೆ ಬತ್ತಿ, ಮಡುವಿನಲ್ಲಿ ಮಾತ್ರ ಎದೆಮಟ್ಟ ನೀರು ಉಳಿದಾಗ ಎರಡು ದಡದವರೂ ಒಂದೇ ದಿನ ಮೀನುಬೇಟೆಗೆ ಇಳಿಯಬೇಕು. ಕೈಯಲ್ಲಿ ಕೂಣಿ ಮಾತ್ರ. ಬಿದಿರು ಸಿಗಿದು ಹೆಣೆದ, ಕೆಳಗೆ ಅಗಲ ಮೇಲೆ ಕಿರಿದಾದ ಬುಟ್ಟಿ. ಅದನ್ನು ಕೆಸರಿಗೆ ಒತ್ತಿ, ಮೇಲಿನ ಬಾಯಿಂದ ಕೈ ಇಳಿಸಿ ಸಿಕ್ಕ ಮೀನನ್ನು ಹಿಡಿಯುವುದು. ಕಬ್ಬಿಣ ಎನ್ನುವುದು ಒಂದು ಮೊಳೆಯೂ ನೀರಿಗೆ ಇಳಿಯಬಾರದು. ಎಲ್ಲಕ್ಕಿಂತ ಮುಖ್ಯವಾದದ್ದು ದಡ ಬದಲಿ. ಈಚೆದಡದ ಗಂಡಸರು ಬೆಳಗ್ಗೆಯೇ ಆಚೆದಡಕ್ಕೆ ಹೋಗಿ ನಿಲ್ಲುತ್ತಾರೆ, ಆಚೆದಡದವರು ಬಂದು ನಮ್ಮ ದಡದಲ್ಲಿ ನಿಲ್ಲುತ್ತಾರೆ. ಹೆಂಗಸರು ಮಕ್ಕಳು ಅವರವರ ದಡದಲ್ಲೇ ಇರುತ್ತಾರೆ. ಅಂಬಿಗರ ಮಾಸ್ತಪ್ಪ ನಡುನೀರಲ್ಲಿ ದೋಣಿ ನಿಲ್ಲಿಸಿ ಹುಟ್ಟುಗೋಲಿನಿಂದ ನೀರಿಗೆ ಬಡಿದ ಕೂಡಲೇ ಎಲ್ಲರೂ ಇಳಿದು, ಮೀನು ಹಿಡಿಯುತ್ತ ತಮ್ಮ ತಮ್ಮ ಮನೆಯ ಕಡೆಗೆ ಬರಬೇಕು.

ಇದರಲ್ಲಿ ಏನು ಜಾಣತನವಿದೆ ಎಂದು ತಮಗೆ ಹೊಳೆಯಲಿಲ್ಲ. ನಾನು ಆಚೆದಡದವನೊಬ್ಬನ ಮೇಲೆ ಕೈ ಎತ್ತಿದರೆ, ಅವನ ಅಣ್ಣತಮ್ಮಂದಿರು ನನ್ನ ಹೆಂಡತಿ ಮಕ್ಕಳ ಪಕ್ಕದಲ್ಲೇ ಇರುತ್ತಾರೆ. ನನ್ನ ಕತ್ತಿಯೋ, ಹೊಳೆಯಾಚೆ ನನ್ನ ಮನೆಯ ಅಟ್ಟದಲ್ಲಿರುತ್ತದೆ. ಕೈ ತಾನಾಗಿ ಇಳಿಯುತ್ತದೆ. ನನಗೆ ಇನ್ನೊಂದು ಲಾಭವೂ ಇತ್ತು. ನನ್ನ ಮಗಳು ಲೋಕಮ್ಮನನ್ನು ಆಚೆದಡದ ರಂಗಪ್ಪನ ಮಗ ಸಣ್ಣಪ್ಪನಿಗೆ ಕೊಟ್ಟಿದ್ದೆ. ದಡ ಬದಲಿಯ ದಿನ ಅವಳ ಕೈಯಿಂದ ಮಜ್ಜಿಗೆ ಕುಡಿದೇ ನಾನು ನೀರಿಗಿಳಿಯುತ್ತಿದ್ದೆ. ಆ ಮಜ್ಜಿಗೆಗೆ ಅವಳು ಉಪ್ಪು ಜಾಸ್ತಿ ಹಾಕುತ್ತಿದ್ದಳು, ನಾನು ಪ್ರತಿ ವರ್ಷ ಬೈಯುತ್ತಿದ್ದೆ.

ತಾವು ಬಂದಿರಿ. ಗುಂಪು ಗುಂಪಾಗಿ ಜನ ಹೊಳೆ ದಾಟುವುದನ್ನು ನೋಡಿ ಹುಬ್ಬು ಗಂಟಿಕ್ಕಿದಿರಿ. ಮಾಸ್ತಪ್ಪನನ್ನು ಕರೆಸಿ, "ಶಿಕಾರಿಪುರದವರಿಗೆ ಸೊರಬದ ದಡದಲ್ಲಿ ಏನ್ರೀ ಕೆಲಸ? ಗಲಾಟೆಯಾದರೆ ಯಾವ ತಾಲ್ಲೂಕಿನ ಪೊಲೀಸರು ನೋಡಬೇಕು?" ಎಂದಿರಿ.

ಮಾಸ್ತಪ್ಪ ಕೈಮುಗಿದುಕೊಂಡೇ ಹೇಳಿದ: "ಗಲಾಟೆ ಆಗಬಾರ್ದು ಅಂತನೇ ಬದ್ಲಿ ಆಗೋದ್ರೀ ಸಾಹೇಬ್ರ. ದಡ ಬದ್ಲಿ ಆಗ್ದೆ ಯಾರೂ ನೀರಿಗೆ ಇಳ್ಯಂಗಿಲ್ರೀ. ಹಿರೇರು ಹಾಕಿದ್ದು."

ತಾವು ನಕ್ಕಿರಿ. ನಿಮ್ಮ ನೆಂಟರೂ ನಕ್ಕರು. ಹೋದವರನ್ನೆಲ್ಲ ಪೊಲೀಸರಿಂದ ವಾಪಸು ಕರೆಸಿ, ಅವರವರನ್ನು ಅವರವರ ದಡದಲ್ಲೇ ನಿಲ್ಲಿಸಿ, ನಡುವೆ ಹಗ್ಗ ಎಳೆಸಿ, ಹೀಗೇ ಇಳಿಯಿರಿ ಎಂದಿರಿ. ಹಗ್ಗದ ಈಚೆ ಶಿಕಾರಿಪುರ, ಆಚೆ ಸೊರಬ. ನಕಾಶೆಯಲ್ಲಿದ್ದ ಗೆರೆ ನೀರಿನ ಮೇಲೂ ಕಾಣುವ ಹಾಗಾಯಿತಲ್ಲ, ನಿಮಗೆ ಎಷ್ಟು ಸಮಾಧಾನವಾಗಿರಬೇಕು. ಕನ್ನಡನಾಡೆಲ್ಲ ಒಂದಾಯಿತೆಂದು ನಮ್ಮ ಶಾಲೆಯಲ್ಲಿ ಪೆಪ್ಪರಮಿಂಟು ಹಂಚಿದ್ದು ಮೊನ್ನೆ ಮೊನ್ನೆಯ ಮಾತು. ಬೀದರದವನೂ ಮಂಗಳೂರಿನವನೂ ನಮ್ಮವರಾದರು, ಕೂಗಿದರೆ ಓಗೊಡುವಷ್ಟು ಹತ್ತಿರವಿದ್ದ ನನ್ನ ಮಗಳು ಮಾತ್ರ ಪರಸ್ಥಳದವಳಾದಳು.

ಮೀನಿಗೆ ತಾಲ್ಲೂಕು ತಿಳಿಯದು. ಆಳವಿರುವುದು ಆಚೆದಡಕ್ಕೆ, ಅಷ್ಟು ಜನರ ಕಾಲು ಬಿದ್ದ ಕೂಡಲೇ ಮೀನೆಲ್ಲ ಅತ್ತ ಸರಿಯಿತು. ನಮ್ಮವರು ಕೂಣಿ ಒತ್ತಿದರು, ಎತ್ತಿದರು, ಕೆಸರು ಬಂತು. "ಶಿಕಾರಿಪುರದೋರು ಈ ಸಲ ಕೆಸರಿನ ಸಾರು ಮಾಡ್ಕಳಿ" ಎಂದು ಆ ಕಡೆಯಿಂದ ಯಾರೋ ಕೂಗಿದರು. ಎಲ್ಲರ ಎದುರು ಖಾಲಿ ಕೂಣಿ ಹೊತ್ತು ಮನೆಗೆ ಹೋಗುವ ಅವಮಾನ ಏನೆಂದು ನಿಮಗೆ ಹೇಗೆ ಗೊತ್ತಾಗಬೇಕು? ನನ್ನ ಮಗ ಹುಲಿಯಪ್ಪ ಹಗ್ಗದ ಕೆಳಗೆ ನುಸುಳಿದ. ಮಾಸ್ತಪ್ಪನ ದೋಣಿ ಹತ್ತಿ ಹಗ್ಗ ಕಾಯುತ್ತಿದ್ದ ನಿಮ್ಮ ಪೊಲೀಸನೊಬ್ಬ ಅಲ್ಲಿಂದಲೇ ಅವನ ಕಿವಿಯ ಮೇಲೆ ಲಾಠಿ ಬೀಸಿದ. ಕಿವಿ ಹರಿದು ನೇತಾಡಿತು. ನೀರಿಗೆ ರಕ್ತ ಬಿದ್ದದ್ದೇ ತಡ, ಎರಡೂ ಕಡೆಯವರು ಹಗ್ಗದ ಮೇಲೆ ಬಿದ್ದರು. ಒಬ್ಬ ತನ್ನ ಕೂಣಿಯನ್ನು ಇನ್ನೊಬ್ಬನ ಮುಖದ ಮೇಲೆ ಹೇರಿ ಒತ್ತಿದ. ಬಿದಿರ ಸೀಳು ಕೆನ್ನೆಯಲ್ಲಿ ಹೊಕ್ಕು ಬಾಯಲ್ಲಿ ಬಂತು. ಬಿದ್ದವರನ್ನು ಕೆಸರಿಗೆ ತುಳಿದರು. ಎಲ್ಲರೂ ತಮ್ಮ ತಮ್ಮ ದಡದಲ್ಲೇ ಇದ್ದರಲ್ಲ, ಮನೆ ಪಕ್ಕದಲ್ಲೇ ಇತ್ತಲ್ಲ! ಒಂದು ಎಲೆ ಅಡಿಕೆ ಜಗಿಯುವಷ್ಟು ಹೊತ್ತಿಗೆ ಕತ್ತಿ, ಕೊಡಲಿ, ಒನಕೆ ಎಲ್ಲ ನೀರಿಗಿಳಿದವು.

ಸಣ್ಣಪ್ಪ ಬರಿಗೈಯಲ್ಲಿ ಬಂದ. ಕತ್ತಿ ಎತ್ತಿದ್ದ ಹುಲಿಯಪ್ಪನ ಸೊಂಟವನ್ನು ಹಿಂದಿನಿಂದ ಹಿಡಿದು, "ಹುಲ್ಯಾ, ಬಿಡೋ, ನಾನು ಕಣೋ" ಎಂದ. ಹುಲಿಯಪ್ಪನ ಕಣ್ಣ ತುಂಬ ರಕ್ತ, ಕೆಸರು. ಒಂದೇ ತಟ್ಟೆಯಲ್ಲಿ ಉಂಡವನ ದನಿ ಅವನಿಗೆ ಕೇಳಿಸಲಿಲ್ಲವೋ, ಕೇಳಿಸಿಯೂ ಕೈ ನಿಲ್ಲಲಿಲ್ಲವೋ, ದೇವರಿಗೇ ಗೊತ್ತು. ತಿರುಗಿ ಕಡಿದ. ಕತ್ತಿ ಹೆಗಲಿನಿಂದ ಎದೆಯವರೆಗೆ ಇಳಿದು ಎಲುಬಿನಲ್ಲಿ ಸಿಕ್ಕಿಕೊಂಡಿತು. ಆಮೇಲೆ ಗದ್ದಲ ನಿಂತಿತು. ನನ್ನ ಮಗಳು ಎದೆಮಟ್ಟ ನೀರಲ್ಲಿ ನಡೆದು ಬಂದು, ಗಂಡನನ್ನು ತೋಳಲ್ಲಿ ಎತ್ತಿ ಹಿಡಿದು, ತಮ್ಮನ ಮುಖ ನೋಡಿ, ನನ್ನ ಕಡೆ ತಿರುಗಿ, "ಇಬ್ರೂ ನನ್ನೋರೇ, ಯಾರಿಗೆ ಅಳ್ಲಿ ಅಪ್ಪಾ?" ಎಂದಳು. ನಿಮ್ಮ ಜೀಪು ಆ ಹೊತ್ತಿಗೆ ದಿಬ್ಬ ಹತ್ತಿ ಹೋಗಿತ್ತು. ಅವಸರದಲ್ಲಿ ಜಮಖಾನ ಮರೆತಿದ್ದಿರಿ, ಸಣ್ಣಪ್ಪನನ್ನು ಅದರ ಮೇಲೆಯೇ ಮಲಗಿಸಿದೆವು.

ನನ್ನ ಮಗನನ್ನು ಬಿಡಿಸಿ ಎಂದು ನಾನು ಕೇಳುತ್ತಿಲ್ಲ. ಕತ್ತಿ ಹಿಡಿದ ಕೈ ಅವನದು, ಜೈಲಿನಲ್ಲಿದ್ದಾನೆ, ನ್ಯಾಯಾಲಯ ಏನು ಕೊಡುತ್ತದೋ ಅದನ್ನು ತಿನ್ನಲಿ. ಆದರೆ ನಿಮ್ಮ ವರದಿಯಲ್ಲಿ "ಈ ಭಾಗದ ಜನರು ಸ್ವಭಾವತಃ ಹಿಂಸಾಪ್ರವೃತ್ತಿಯವರು" ಎಂದು ಬರೆದಿದ್ದೀರಂತೆ. ಹೌದು ಸ್ವಾಮಿ, ನಾವು ಒರಟರೇ. ನಮ್ಮ ಒರಟುತನ ನಮ್ಮ ಮುದುಕರಿಗೆ ಗೊತ್ತಿತ್ತು, ಅದಕ್ಕೇ ಕತ್ತಿಯನ್ನು ಒಂದು ದಡದಲ್ಲಿ, ಕೈಯನ್ನು ಇನ್ನೊಂದು ದಡದಲ್ಲಿ ಇಟ್ಟಿದ್ದರು. ಎರಡನ್ನೂ ಒಂದುಗೂಡಿಸಿದವರು ಯಾರು? ನಾಯಿ ಕಚ್ಚುತ್ತದೆಂದು ಬರೆಯುವಾಗ ಸರಪಳಿ ಬಿಚ್ಚಿದವರ ಹೆಸರನ್ನೂ ಬರೆಯಬೇಡವೇ?

ಅಂದಿನಿಂದ ಒಂದು ದಡದವರು ಇನ್ನೊಂದು ದಡಕ್ಕೆ ಕಾಲಿಡಬಾರದೆಂದು ನಿಮ್ಮ ಆಜ್ಞೆ. ಮಾಸ್ತಪ್ಪನ ದೋಣಿಗೆ ಬೀಗ ಬಿದ್ದಿದೆ. ಲೋಕಮ್ಮ ಬಟ್ಟೆ ಒಗೆಯಲು ಬಂದಾಗ ನಾನು ಈ ದಡದಲ್ಲಿ ನಿಲ್ಲುತ್ತೇನೆ. ಅವಳು ತಲೆ ಎತ್ತುವುದಿಲ್ಲ, ಆದರೆ ಬಟ್ಟೆ ಮುಗಿದ ಮೇಲೂ ಸ್ವಲ್ಪ ಹೊತ್ತು ಕಲ್ಲಿನ ಮೇಲೆ ಕೂತಿರುತ್ತಾಳೆ. ಈಚೆಗೆ ಎರಡೂ ಊರಲ್ಲಿ ಕುಲುಮೆಯ ಸದ್ದು ಜಾಸ್ತಿಯಾಗಿದೆ. ಈ ಸಲ ಯಾರೂ ಮೀನಿಗಾಗಿ ಇಳಿಯುವುದಿಲ್ಲ.

ಹೀಗಿರುವಾಗ ಹೋದ ವಾರ ಸಣ್ಣಪ್ಪನ ತಂದೆ, ನನ್ನ ಬೀಗ ರಂಗಪ್ಪ, ಆ ದಡದಲ್ಲಿ ನಿಂತು ಕೂಗಿದ: "ಬೀಗ್ರೇ, ಈ ಸಲ ದಡ ಬದ್ಲಿ ಮಾಡಾಣ. ನೀವು ಇಲ್ಲಿ ಬಂದು ನಿಂತ್ಕಳಿ, ನಾನು ಅಲ್ಲಿ ಬಂದು ನಿಂತ್ಕತ್ತೀನಿ."

"ನಿಮ್ ಹುಡುಗ್ರು ನನ್ನ ಬಿಟ್ಟಾರೇನ್ರೀ?" ಎಂದು ಕೇಳಿದೆ.

"ನಿಮ್ ಹುಡುಗ್ರು ನನ್ನ ಬಿಡ್ತಾರಾ? ಅದಕ್ಕೇ ಅಲ್ವಾ ಬದ್ಲಿ" ಎಂದ.

ಮಗನನ್ನು ಕಳೆದುಕೊಂಡವನು ಆಡಿದ ಮಾತು ಅದು. ನನಗೆ ಅಲ್ಲೇ ಕೂತು ಅಳಬೇಕೆನಿಸಿತು, ಅತ್ತುಬಿಟ್ಟೆ.

ಆದ್ದರಿಂದ ನಮ್ಮ ಬೇಡಿಕೆ ಇಷ್ಟು. ದಾಟಬಾರದೆಂಬ ಆಜ್ಞೆಯನ್ನು ರದ್ದು ಮಾಡಿ. ದೋಣಿಯ ಬೀಗ ತೆಗೆಸಿ. ಮುಂದಿನ ಸೋಮವಾರ, ಮೀನುಬೇಟೆಯ ದಿನ, ನಾವಿಬ್ಬರು ಮುದುಕರು ಮೊದಲು ದಡ ಬದಲಿಸುತ್ತೇವೆ, ಧೈರ್ಯವಿದ್ದವರು ಹಿಂದೆ ಬರುತ್ತಾರೆ. ನಿಮ್ಮ ಪೊಲೀಸರು ಹಿಡಿದರೆ ಹಿಡಿಯಲಿ. ತಾವೂ ಬರಬಹುದು, ಬೇಡ ಎನ್ನುವವರು ನಾವಲ್ಲ. ಆದರೆ ಬಂದರೆ ನೋಡುವವರ ಹಾಗೆ ಬರಬೇಡಿ. ಕೋವಿಯನ್ನು ಮನೆಯಲ್ಲಿಟ್ಟು, ನಿಮ್ಮ ನೆಂಟರನ್ನು ಈ ದಡದಲ್ಲಿ ನಮ್ಮ ಹೆಂಗಸರ ಜೊತೆ ಕೂರಿಸಿ, ತಾವು ಆ ದಡದಲ್ಲಿ ಲೋಕಮ್ಮನ ಎದುರು ನಿಲ್ಲಿ. ಮಜ್ಜಿಗೆ ಕೊಟ್ಟರೆ ಕುಡಿಯಿರಿ.

ಕೊನೆಯದಾಗಿ, ಹಗ್ಗದ ವಿಷಯ. ಹಳೆಯ ಹಗ್ಗ ಎಲ್ಲಿ ಎಂದು ನಿಮ್ಮ ಕಚೇರಿಯಿಂದ ಎರಡು ಬಾರಿ ವಿಚಾರಣೆ ಬಂದಿತ್ತು. ಅದರಲ್ಲಿ ನಾವು ಸಣ್ಣಪ್ಪನ ಚಟ್ಟ ಕಟ್ಟಿದೆವು, ಅದು ಅವನ ಜೊತೆಯಲ್ಲೇ ಉರಿದುಹೋಯಿತು. ಹೊಸದೊಂದು ಬಂದು ಚಾವಡಿಯಲ್ಲಿದೆ, ನಾನೇ ನೋಡಿಬಂದೆ, ಹಳೆಯದಕ್ಕಿಂತ ಉದ್ದವಾಗಿದೆ. ಅದು ಎಷ್ಟು ಚಟ್ಟಕ್ಕೆ ಎಂದು ಮುಂಚಿತವಾಗಿ ತಿಳಿಸಿದರೆ ಬಿದಿರು ಕಡಿದಿಡುತ್ತೇವೆ.

ಇಂತಿ, ತಾವು ಹಾಕಿದ ಗೆರೆಯ ಈಚೆ ಇನ್ನೂ ಉಸಿರಾಡುತ್ತಿರುವ,
ಕೊಂದವನ ತಂದೆ, ಸತ್ತವನ ಮಾವ,
ಚೌಡಪ್ಪ
ಈಚೆದಡ, ಶಿಕಾರಿಪುರ ತಾಲ್ಲೂಕು