ನನ್ನ ಹನ್ನೊಂದು, ನಿನ್ನ ಸೊನ್ನೆ

ಆಷ್‌ಲ್ಯಾಂಡ್, ವಿಸ್ಕಾನ್ಸಿನ್
ಮೇ ೨೨, ಬುಧವಾರ

ಪ್ರೀತಿಯ ರೋಂಡಕ್ಕಾ,

ಕಣ್ಣು ಹೇಗಿದೆ ಎಂದು ಮೊದಲೇ ಕೇಳಿದರೆ ನಿನಗೆ ಸಿಟ್ಟು ಬರುತ್ತದೆ. ಅದಕ್ಕೇ ಮೊಣಕಾಲು ಹೇಗಿದೆ ಎಂದು ಕೇಳುತ್ತೇನೆ. ಸರಿ, ಕೇಳಿದ್ದಾಯಿತು, ಈಗ ಹೇಳು, ಕಣ್ಣು ಹೇಗಿದೆ? ಹಡಗಿನ ಅಡುಗೆಮನೆಯಲ್ಲಿ ಸಕ್ಕರೆ ಡಬ್ಬಿಗೆ ರಬ್ಬರ್ ಬ್ಯಾಂಡ್ ಸುತ್ತಿ, ಉಪ್ಪಿನ ಡಬ್ಬಿಯನ್ನು ಹಾಗೇ ಬಿಟ್ಟು, ಬೆರಳಿನಲ್ಲೇ ಗುರುತು ಹಿಡಿಯುತ್ತೇನೆ ಎಂದು ಬರೆದಿದ್ದೆಯಲ್ಲ, ಅದನ್ನು ಓದಿ ಡಾರ್ಲಾ ಜೋರಾಗಿ ನಕ್ಕಳು. ಆಮೇಲೆ ಎದ್ದು ಹೋಗಿ, ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೊಮ್ಮೆ ತೊಳೆದಳು. ನಾವು ಕ್ಷೇಮ. ಕೊಲ್ಲಿಯ ಮಂಜುಗಡ್ಡೆ ಕರಗಿ ತಿಂಗಳಾಯಿತು, ನನ್ನ ಸೊಂಟನೋವು ಮಾತ್ರ ಕರಗಿಲ್ಲ. ಈ ಕಾಗದ ನಿನ್ನ ಕೈ ಸೇರುವ ಬಗೆಯನ್ನು ನೆನೆದಾಗಲೆಲ್ಲ ನನಗೆ ಖುಷಿ. ಅದಿರು ಹೊತ್ತ ನಿಮ್ಮ ಹಡಗು ಡೆಟ್ರಾಯಿಟ್ ನದಿಯಲ್ಲಿ ನಿಲ್ಲದೆ ಸಾಗುತ್ತಿರುತ್ತದೆ, ಅಂಚೆದೋಣಿ ಪಕ್ಕಕ್ಕೆ ಬಂದು ಅಂಟಿಕೊಳ್ಳುತ್ತದೆ, ಮೇಲಿನಿಂದ ಹಗ್ಗ ಇಳಿಯುತ್ತದೆ. ಬಾವಿಯಿಂದ ನೀರು ಸೇದಿದಂತೆ ನೀವು ಬಕೆಟ್ಟಿನಲ್ಲಿ ನಮ್ಮನ್ನೆಲ್ಲ ಸೇದಿಕೊಳ್ಳುತ್ತೀರಿ.

ಇಲ್ಲಿ ಊಟದ ಮೇಜಿನ ತುಂಬ ಅಪ್ಪನ ವಯೋಮಿಂಗ್ ನಕ್ಷೆ ಹರಡಿಕೊಂಡಿದೆ. "ಗಂಡ ಕೂರೋಕೆ ಜಾಗ ಇಲ್ಲ, ಬೆಟ್ಟ ಮಾತ್ರ ಆರಾಮಾಗಿ ಕೂತಿದೆ" ಎನ್ನುತ್ತಾಳೆ ಡಾರ್ಲಾ. ನಮ್ಮ ಮನೆತನದ ಋತುಗಳೇ ಎರಡು, ಚಳಿಗಾಲಕ್ಕೆ ನಕ್ಷೆ, ಬೇಸಿಗೆಗೆ ನಿರೀಕ್ಷೆ. ಜಿಂಕೆ ಬೇಟೆಗೆ ಇಲ್ಲೇ ಹೋಗಬೇಕೆಂದು ಅಪ್ಪ ಪೆನ್ಸಿಲಿನಲ್ಲಿ ಎಳೆದ ಆ ವೃತ್ತ ನಿನಗೆ ನೆನಪಿದೆಯಲ್ಲ? ಅದರ ಮೇಲೆ ಕಾಫಿ ಲೋಟ ಇಟ್ಟು ಇಟ್ಟು ಈಗ ವೃತ್ತಕ್ಕೊಂದು ವೃತ್ತ. "ಬರೋ ವರ್ಷ ಖಂಡಿತ" ಎನ್ನುತ್ತಲೇ ಇದ್ದ ಮನುಷ್ಯ ಪಶ್ಚಿಮಕ್ಕೆ ಹೋದದ್ದು ಇಲ್ಲೇ ಹತ್ತಿರದ ಡುಲುತ್‌ನ ಹಲ್ಲಿನ ಡಾಕ್ಟರ ತನಕ ಮಾತ್ರ. ಆದರೂ ಆ ಬೆಟ್ಟ ನಮಗೆಲ್ಲ ಎಷ್ಟು ಪರಿಚಿತ! ಬೂದುಬಣ್ಣದ ಕುರುಚಲು ಗಿಡ, ಒಣಗಾಳಿ, ಹೇಸರಗತ್ತೆಯ ಕಿವಿಯಂಥ ದೊಡ್ಡ ಕಿವಿಗಳನ್ನು ಎತ್ತಿಕೊಂಡು ಏರಿನ ಮೇಲೆ ನಿಂತ ಜಿಂಕೆ. ನಾನು ಕಂಡಿಲ್ಲದ ಆ ಜಿಂಕೆ ಕಣ್ಣುಮುಚ್ಚಿದರೆ ಸಾಕು, ಬಂದು ನಿಲ್ಲುತ್ತದೆ. ಬಂದೂಕು ಎತ್ತುವ ಮನಸ್ಸಾಗುವುದಿಲ್ಲ, ಎತ್ತಿದರೆ ಎಚ್ಚರವಾಗಿಬಿಡುತ್ತದಲ್ಲ.

ಎತ್ತಲಾರದವಳು ಮೊದಲು ನೀನೇ. ನಿನಗೆ ಹದಿನಾರು, ನನಗೆ ಹನ್ನೆರಡು. ಇಲ್ಲಿಯ ಕಾಡಿನಲ್ಲಿ, ಮರದ ಮೇಲೆ ಅಪ್ಪ ಕಟ್ಟಿದ ಅಟ್ಟಣೆಯಿಂದ ನಲವತ್ತು ಹೆಜ್ಜೆಯಲ್ಲಿ, ಗಂಡು ಜಿಂಕೆಯೊಂದು ಹತ್ತು ಕವಲಿನ ಕೊಂಬು ಹೊತ್ತು ಬಂತು. ಊರಿಗೇ ಒಳ್ಳೆ ಗುರಿಗಾರ್ತಿ ನೀನು, ಸುಮ್ಮನೆ ಕೂತೆ. ಅದು ಹೋದಮೇಲೆ ಅಂದೆ, "ನೋಡ್ತಾ ಇದ್ದೆ ಕಣೋ, ಹೊಡೆಯೋದು ಮರೆತೇಹೋಯ್ತು." ಅಪ್ಪ ಒಂದು ವಾರ ನಿನ್ನ ಜೊತೆ ಮಾತು ಬಿಟ್ಟ. ನಿನ್ನ ಆ ಮಾತು ಮಾತ್ರ ನನ್ನನ್ನು ಇನ್ನೂ ಬಿಟ್ಟಿಲ್ಲ.

ಇನ್ನು ವಯೋಮಿಂಗ್‌ನ ಬೇಟೆ ಪರವಾನಗಿಯ ನಿಯಮದ ವಿಷಯ. ಅಲ್ಲಿಯವರಿಗಾದರೆ ಆ ಬೆಟ್ಟ ಹಿತ್ತಿಲು, ನಮ್ಮಂಥ ಹೊರರಾಜ್ಯದವರಿಗೆ ಸರದಿಸಾಲು. ಕಾದ ವರ್ಷಕ್ಕೊಂದು ಅಂಕ. ಅಪ್ಪ ತೀರಿಕೊಂಡ ವರ್ಷದಿಂದ ಕಾದು ನಾನು ಹನ್ನೊಂದು ಕೂಡಿಸಿದ್ದೇನೆ, ಅಪ್ಪನ ವೃತ್ತಕ್ಕೆ ಸರಿಯಾಗಿ ಹನ್ನೊಂದೇ ಬೇಕು. ಇಬ್ಬರು ಒಟ್ಟಿಗೆ ಅರ್ಜಿ ಹಾಕಿದರೆ ಕೂಡಿಸಿ ಎರಡರಿಂದ ಭಾಗಿಸುತ್ತಾರೆ. ಎಂದೂ ಅರ್ಜಿ ಹಾಕದ ನಿನ್ನದು ಸೊನ್ನೆ; ಸೇರಿದರೆ ನಾವು ಐದೂವರೆ. ಮಾರ್ಚಿನಲ್ಲಿ ನೀನು ಬರೆದದ್ದು ನನಗೆ ಬಾಯಿಪಾಠ: "ನಿನ್ನ ಹನ್ನೊಂದರ ಪಕ್ಕ ನನ್ನ ಸೊನ್ನೆ ತಂದು ಕೂರಿಸಬೇಡ. ಡಾಕ್ಟ್ರು ಇನ್ನೆರಡು ಚಳಿಗಾಲ ಅಂದಿದಾರೆ, ಆಮೇಲೆ ಮುಖಗಳೂ ಕಾಣಲ್ವಂತೆ. ನೀನೊಬ್ಬನೇ ಹೋಗಿ ಬಾ, ಬಂದು ಹೇಳು. ನಾನು ಕಿವೀಲಿ ನೋಡ್ಕೋತೀನಿ." ಪಕ್ಕದ ಮನೆಯ ವರ್ನ್‌ಗೂ ಅದೇ ಅಭಿಪ್ರಾಯ. "ಹನ್ನೊಂದು ವರ್ಷ ಕಾದವನು ಅರ್ಧಕ್ಕೆ ಇಳಿದರೆ ನಿಮ್ಮಪ್ಪ ಗೋರಿಯಿಂದ ಎದ್ದು ಬರ್ತಾನೆ" ಅಂದ. ಬರಲಿ, ಕಾರಿನಲ್ಲಿ ಜಾಗ ಇದೆ ಅಂದೆ.

ತಯಾರಿ ಜೋರಾಗಿದೆ. ಎರಡು ದಿನದ ದಾರಿ. ಮಿನೆಸೋಟ ದಾಟುವವರೆಗೆ ಮಾತು, ದಕ್ಷಿಣ ಡಕೋಟದ ಉದ್ದಕ್ಕೂ ತೂಕಡಿಕೆ. ಜಿಂಕೆಗಳ ರೋಗದ ಭಯಕ್ಕೆ ತಲೆ, ಬೆನ್ನುಮೂಳೆ ಗಡಿ ದಾಟಿಸಬಾರದಂತೆ, ಮಾಂಸ ಬಿಡಿಸಿಯೇ ತರಬೇಕು, ಅದಕ್ಕೆ ಚಾಕು ಮಸೆದಿಟ್ಟಿದ್ದೇನೆ. ಬೇಟೆಯ ಕಿತ್ತಳೆ ಬಣ್ಣದ ಅಂಗಿ ಒಗೆದಿಡು ಎಂದರೆ ಡಾರ್ಲಾ ಎರಡು ಒಗೆದಿದ್ದಾಳೆ. ಮಡಚುವ ಕುರ್ಚಿಯೂ ಎರಡು. ಎರಡನ್ನೂ ಒರೆಸಿ ಅಂಗಿಗಳ ಪಕ್ಕಕ್ಕೆ ಇಟ್ಟೆ. ಇಪ್ಪತ್ತು ವರ್ಷದ ಸಂಸಾರ ನಡೆಯುವುದೇ ಹೀಗೆ.

ಒಲೆಯ ಹತ್ತಿರ ಹುಷಾರು. ನಿಮ್ಮ ಕ್ಯಾಪ್ಟನ್‌ಗೆ ನಮಸ್ಕಾರ ಹೇಳು. ಡಾರ್ಲಾ ಮುತ್ತು ಕಳಿಸಿದ್ದಾಳೆ, ನೀರಿಗೆ ಬೀಳದಂತೆ ಹಿಡಿದುಕೋ.

ನಿನ್ನ ತಮ್ಮ,
ಡುವೇನ್

ಮರೆತ ಮಾತು: ಅರ್ಜಿ ನಿನ್ನೆಯೇ ಹೋಯಿತು, ಇಬ್ಬರ ಹೆಸರಿನಲ್ಲಿ. ನಿನ್ನ ಬೇಟೆ ತರಬೇತಿಯ ಕಾರ್ಡು ಅಪ್ಪನ ತಗಡಿನ ಡಬ್ಬಿಯಲ್ಲೇ ಇತ್ತು. ಅಪ್ಪನ ವೃತ್ತಕ್ಕೆ ಐದೂವರೆ ಸಾಲದು, ಆದ್ದರಿಂದ ಅದನ್ನು ಬಿಟ್ಟೆ. ಅದರ ಪೂರ್ವಕ್ಕಿರುವ ಬೋಳುಗುಡ್ಡಗಳಿಗೆ ಮೂರು ವರ್ಷದಿಂದ ನಾಲ್ಕೇ ಅಂಕ ಸಾಕಾಗಿದೆ. ರಸ್ತೆ ಪಕ್ಕದಲ್ಲೇ ಕುರ್ಚಿ ಹಾಕಿ ಕೂರಬಹುದು, ಅಪ್ಪನ ಬೆಟ್ಟ ಎದುರಿಗೇ. ಪರವಾನಗಿ ಬಂದ ದಿನ ನನ್ನ ಹನ್ನೊಂದೂ ಖಾಲಿ. ನಾನೂ ಸೊನ್ನೆ, ಅಲ್ಲಿಗೆ ನಾವು ಸಮ. ಹೆಸರು ತೆಗೆಸಲು ಈ ತಿಂಗಳ ಕೊನೆಯವರೆಗೆ ಅವಕಾಶವಿದೆ. ನಿಮ್ಮ ಹಡಗು ಅಂಚೆದೋಣಿಯನ್ನು ದಾಟುವುದು ಜೂನ್ ನಾಲ್ಕಕ್ಕೆ, ವಿಚಾರಿಸಿಕೊಂಡೇ ಅಂಚೆಗೆ ಹಾಕುತ್ತಿದ್ದೇನೆ. ಅಕ್ಟೋಬರಿನ ಮೊದಲ ಎರಡು ವಾರ ರಜೆ ಕೇಳು. ಬಂದೂಕು ನಾನು ತರುತ್ತೇನೆ, ಕಣ್ಣು ನೀನು ತಾ.