ಕೆರೆ ಬಿಟ್ಟು ರಸ್ತೆ ಬದಿಯಲ್ಲಿ

ಬಟ್ಟಂಬಾಂಗ್ ಹತ್ತಿರ, ಜನವರಿ ೧೯೯೩

ಅಕ್ಕ,

ನಿರಾಶ್ರಿತರ ಶಿಬಿರ ಬಿಟ್ಟು, ಗಡಿ ದಾಟಿ ಊರು ಸೇರಿ ಒಂಬತ್ತು ದಿನವಾಯಿತು. ಅಮ್ಮನಿಗೆ ಇದು ಊರು. ನನಗೆ ಇಲ್ಲಿಯ ಒಂದು ಮರವೂ ಗುರುತು ಸಿಗುತ್ತಿಲ್ಲ. ಮನೆಗೆಂದು ಮರ, ಬಿದಿರು, ನೀಲಿ ಪ್ಲಾಸ್ಟಿಕ್ ಹಾಳೆ ಕೊಟ್ಟಿದ್ದಾರೆ. ಆರು ಕಂಬ ನಿಲ್ಲಿಸಿದ್ದೇವೆ, ಗೋಡೆ ಇನ್ನೂ ಆಗಿಲ್ಲ.

ಅಮ್ಮನ ಕತೆ ಕೇಳು. ಬೆಳಗಾಗುತ್ತಲೇ ಬಕೆಟ್ ಹಿಡಿದು ಹೋಗಿ ರಸ್ತೆ ಬದಿಯಲ್ಲಿ ಕೂರುತ್ತಾಳೆ, ಶಿಬಿರದಲ್ಲಿ ಹದಿಮೂರು ವರ್ಷ ನೀರಿನ ಟ್ಯಾಂಕರಿಗೆ ಕಾದ ಹಾಗೆಯೇ. ನಮ್ಮ ಕಂಬಗಳ ಹಿಂದೆಯೇ ತುಂಬಿದ ಕೆರೆಯಿದೆ. ಯುದ್ಧದಲ್ಲೂ ಊರು ಬಿಡದ ಪಕ್ಕದ ಮನೆಯ ಫಲ್ಲಾ ದಿನಾ ನಗುತ್ತಾಳೆ.

“ದೊಡ್ಡಮ್ಮ, ಇಲ್ಲಿ ಯಾವ ಟ್ಯಾಂಕರೂ ಬರಲ್ಲ. ಹಿಂದ್ಗಡೆ ಹೋಗಿ ಬೇಕಾದಷ್ಟು ತುಂಬ್ಕೊಳ್ಳಿ.”

“ನಗು, ನಗು. ಚೀಟಿ ಇಲ್ದೆ, ಪಾಳಿ ಇಲ್ದೆ ಸಿಗೋ ನೀರು ಯಾರದ್ದೋ ಏನೋ. ನಾಳೆ ಅವ್ನು ಬಂದು ಕೇಳಿದ್ರೆ ನೀನು ಜವಾಬು ಹೇಳ್ತೀಯೇನೇ?”

ಅಲ್ಲಿ ಶಿಬಿರದಲ್ಲಿ ಊರಿಗೆ ಮರಳುವ ನಿನ್ನ ಸರದಿ ಬಂದು ಅರ್ಜಿ ತುಂಬಿಸುವಾಗ ಗದ್ದೆ ಬೇಕು ಅನ್ನಬೇಡ, ಮನೆಯ ಮರ ಕೇಳು. ಗದ್ದೆಗಳಲ್ಲಿ ಹೂತ ನೆಲಬಾಂಬುಗಳನ್ನು ಇನ್ನೂ ತೆಗೆದಿಲ್ಲ. ನನ್ನ ಜ್ವರ ಇಳಿದಿದೆ, ಸುಸ್ತು ಇಳಿದಿಲ್ಲ.

ನಿನ್ನೆ ನೋಡಿದರೆ ಅಮ್ಮನ ಬಕೆಟ್ಟಿನ ಹಿಂದೆ ಇನ್ನೂ ನಾಲ್ಕು ಬಕೆಟ್; ಎಲ್ಲ ನಮ್ಮ ಬಸ್ಸಿನಲ್ಲೇ ಬಂದವರದು. ಇವತ್ತು ಬೈದು ಎಬ್ಬಿಸಿಕೊಂಡು ಬರೋಣವೆಂದು ಹೋದೆ. ಶಿಬಿರಕ್ಕೆ ವಾಪಸಾಗುವ ಬಸ್ಸಿನ ಡ್ರೈವರ್ ನಿನಗೆ ತಲುಪಿಸಲು ಈ ಕಾಗದಕ್ಕಾಗಿ ಕೈಚಾಚಿ ನಿಂತಿದ್ದಾನೆ. ಇದನ್ನು ಅಮ್ಮನ ಸಾಲಿನಲ್ಲೇ ಕೂತು ಬರೆದೆ. ನನ್ನ ಬಕೆಟ್ ಆರನೆಯದು.

ಸಾವೂನ್